ಸಂಡಿಗೆಯ ಪಕ್ಕ ಸಿಗಾರು

ಸಿಗಾರನ್ನು ಬಿಸಿಲಿಗೆ ಒಣಹಾಕಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಬೇರೆಲ್ಲೂ ಅಲ್ಲ, ಕಡೂರಿನ ನಮ್ಮ ಮನೆಯ ತಾರಸಿಯ ಮೇಲೇ. ಹೋದ ವಾರ, ನೆತ್ತಿ ಸುಡುವ ಮಧ್ಯಾಹ್ನ. ಹಳೇ ಪಂಚೆಯೊಂದರ ಅರ್ಧದಲ್ಲಿ ಅಕ್ಕಿ ಸಂಡಿಗೆ. ಇನ್ನರ್ಧದಲ್ಲಿ ಸಾಲಾಗಿ ಮಲಗಿಸಿದ ಸಿಗಾರುಗಳು. ದಪ್ಪದವು, ಸಣ್ಣವು, ನಡುವಿಗೆ ಕೆಂಪು ಕಾಗದದ ಪಟ್ಟಿ ಕಟ್ಟಿಕೊಂಡವು. ಮಧ್ಯೆ ಮಧ್ಯೆ ಬೇವಿನ ಸೊಪ್ಪು. ನೀರಿನ ಟ್ಯಾಂಕಿನ ನೆರಳಲ್ಲಿ ಕೋಲು ಹಿಡಿದು ಕೂತ ನಮ್ಮ ಅತ್ತೆ ಕಾಗೆ ಓಡಿಸುತ್ತಿದ್ದರು. (ಕಾಗೆಗಳು ಸಂಡಿಗೆಗೆ ಬರುತ್ತಿದ್ದವು. ಸಿಗಾರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಬುದ್ಧಿ ಮನುಷ್ಯರಿಗೆ ಬರಬೇಕಲ್ಲ!)

ನಾನು ಮಿಲ್ಲಿನಿಂದ ಖಾರದ ಪುಡಿ ಮಾಡಿಸಿಕೊಂಡು ಆಗಷ್ಟೇ ಬಂದಿದ್ದೆ. ಡಬ್ಬ ಕಂಕುಳಲ್ಲೇ ಇತ್ತು.

"ಇದೇನತ್ತೆ?"

"ಹುಳ ಬಿದ್ದಿತ್ತು ಕಣಮ್ಮ ಸರೋಜ. ಮಡಕೆಗೆ ನೀರು ತುಂಬೋಣ ಅಂತ ಹೋದ್ರೆ ಡಬ್ಬದ ಪಕ್ಕ ಪುಡಿ ಉದುರಿತ್ತು. ತೆಗೆದು ನೋಡಿದ್ರೆ ತೂತು ತೂತು. ಎರಡು ಬಿಸ್ಲು ಕಾಯಿಸಿದ್ರೆ ಒಂದು ಹುಳಾನೂ ಇರಲ್ಲ ಬಿಡು."

ಇದು ಏನು, ಯಾರದು ಎಂದು ಅವರು ಕೇಳಲೇ ಇಲ್ಲ. ಗಮನಿಸಿದಿರಾ? ಆಗ ನಾನು ಗಮನಿಸಿರಲಿಲ್ಲ. ನನ್ನ ತಲೆಯಲ್ಲಿ ಒಂದೇ ಯೋಚನೆ. ಸಂಜೆ ನಮ್ಮವರು ಟೂರ್ ಮುಗಿಸಿ ಬರುತ್ತಾರೆ. ಬಂದು ಇದನ್ನು ನೋಡುತ್ತಾರೆ. ಆಮೇಲೆ?

ಸ್ವಲ್ಪ ಹಿಂದಿನಿಂದ ಹೇಳದಿದ್ದರೆ ನನ್ನ ಪೇಚಾಟ ನಿಮಗೆ ಅರ್ಥವಾಗುವುದಿಲ್ಲ.

ನಮ್ಮವರದು ಪಂಪ್‌ಸೆಟ್ ಕಂಪನಿಯಲ್ಲಿ ಕೆಲಸ. ಮಾರುವುದೂ ಅವರೇ, ಕೆಟ್ಟರೆ ಹೋಗಿ ಬಿಚ್ಚುವುದೂ ಅವರೇ. ಇವತ್ತು ಸಿಂಗಟಗೆರೆ, ನಾಳೆ ಚೌಳಹಿರಿಯೂರು, ನಾಡಿದ್ದು ತರೀಕೆರೆ. ಅಲ್ಲಿಂದ ಮೇಲೆ ಹತ್ತಿದರೆ ಹೆಬ್ಬೆ ಕಡೆಯ ಕಾಫಿ ಎಸ್ಟೇಟುಗಳು. ಅಂಥ ಒಂದು ಎಸ್ಟೇಟಿನಲ್ಲಿ ಮೊಂಡು ಹಿಡಿದು ಕೂತಿದ್ದ ಎಂಜಿನ್ ಒಂದನ್ನು ಇವರು ಸ್ಟಾರ್ಟ್ ಮಾಡಿಕೊಟ್ಟರಂತೆ. ಅಲ್ಲಿಯ ಮ್ಯಾನೇಜರು ಖುಷಿಯಾಗಿ ಒಂದು ಮರದ ಪೆಟ್ಟಿಗೆ ಕೈಗಿಟ್ಟರಂತೆ. ಒಳಗೆ ಸಿಗಾರು. ಶುರುವಾಯಿತು ನೋಡಿ ಅಲ್ಲಿಂದ.

ಬೇರೆ ಮನೆಯ ಗಂಡಸರು ಬೀಡಿ ಸೇದುತ್ತಾರೆ, ಸಿಗರೇಟು ಸೇದುತ್ತಾರೆ, ಸೇದಿ ಬಿಸಾಡುತ್ತಾರೆ. ನಮ್ಮವರು ಸೇದಿದ್ದಕ್ಕಿಂತ ಕೂಡಿಟ್ಟದ್ದೇ ಹೆಚ್ಚು. ಮದ್ರಾಸಿಗೆ ಹೋಗುವವರಿಗೆ ಹೇಳಿ ತಿರುಚಿನಾಪಳ್ಳಿಯದು ತರಿಸಿದರು. ಯಾರೋ ರಿಟೈರ್ ಆದ ಮಿಲಿಟರಿಯವರಿಂದ ಬರ್ಮಾದ್ದು ಗಿಟ್ಟಿಸಿದರು. ತರೀಕೆರೆಯ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರುವ ಗೌಸ್ ಭಾಯಿ ಇವರ ಹಳೇ ದೋಸ್ತು. ಹೊಸದೇನಾದರೂ ಬಂದರೆ ಕಾಗದದಲ್ಲಿ ಸುತ್ತಿ ಎತ್ತಿಟ್ಟಿರುತ್ತಿದ್ದರು. ಪೆಟ್ಟಿಗೆ ತುಂಬಿತು. ಬಿಸ್ಕತ್ತಿನ ಡಬ್ಬ ಬಂತು. ಅದೂ ತುಂಬಿತು.

ಇನ್ನು ಅದನ್ನು ಇಡುವ ವೈಭೋಗ!

ನಮ್ಮ ಬಯಲುಸೀಮೆಯ ಹೆಂಗಸರಿಗೆ ಸಾಮಾನು ಕೆಡದಂತೆ ಇಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೆಹಣ್ಣು, ಮೆಣಸಿನಕಾಯಿ, ಹುರುಳಿ, ಕೊಬ್ಬರಿ, ಕೊನೆಗೆ ರೇಷ್ಮೆ ಸೀರೆ. ಎಲ್ಲಕ್ಕೂ ಔಷಧ ಒಂದೇ, ಬಿಸಿಲು. ಒಣಗಿಸು, ಆರಿಸು, ಮುಚ್ಚಿಡು. ಸಿಗಾರಿಗೆ ಮಾತ್ರ ಎಲ್ಲವೂ ಉಲ್ಟಾ. ಒಣಗಬಾರದು. ಹಾಗಂತ ನೆನೆಯಲೂಬಾರದು.

"ಹೆಬ್ಬೆ ಕಡೆ ಹಾಗೇ ಬಿಟ್ರೆ ಬೂಷ್ಟು ಹಿಡಿಯುತ್ತೆ. ಕಡೂರಲ್ಲಿ ಬಿಟ್ರೆ ಬಿರುಕು ಬಿಡುತ್ತೆ. ಎರಡರ ಮಧ್ಯೆ ಇಡ್ಬೇಕು ಕಣೇ" ಎಂದು ಇವರ ಉಪದೇಶ.

ಎರಡರ ಮಧ್ಯೆ ಅಂದರೆ ಎಲ್ಲಿ? ಬೀರೂರಿನಲ್ಲಾ?

ಮನೆಯೆಲ್ಲ ಹುಡುಕಿ ಕೊನೆಗೆ ಸಿಕ್ಕಿದ ತಂಪು ಜಾಗ ಎಂದರೆ ಉಗ್ರಾಣದ ಮೂಲೆ, ಕುಡಿಯುವ ನೀರಿನ ಮಡಕೆಯ ಪಕ್ಕ. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಕಾದ ಮೊಳೆಯಿಂದ ತೂತು ಮಾಡಿದರು. ಅದರೊಳಗೆ ಒಂದು ತುಂಡು ಸ್ಪಂಜು. ಸ್ಪಂಜಿಗೆ ನಲ್ಲಿ ನೀರು ಆಗದು, ಕಾಯಿಸಿ ಆರಿಸಿದ ನೀರೇ ಬೇಕು. (ಮನೆಯ ಮನುಷ್ಯರೆಲ್ಲ ಮಡಕೆಯ ನೀರನ್ನು ಹಾಗೇ ಕುಡಿಯುತ್ತೇವೆ.) ಕರ್ಪೂರ, ಇಂಗು, ಸೀಗೆಪುಡಿ ಹತ್ತಿರ ಸುಳಿಯುವಂತಿಲ್ಲ, ವಾಸನೆ ಎಳೆದುಕೊಂಡುಬಿಡುತ್ತವಂತೆ. ದಪ್ಪದವು ಕೆಳಗೆ, ಸಣ್ಣವು ಮೇಲೆ. ಘಾಟಿನವು ಒಂದು ಕಡೆ, ಸಾಧುವಾದವು ಇನ್ನೊಂದು ಕಡೆ. ಭಾನುವಾರ ಬಂದರೆ ಎಲ್ಲವನ್ನೂ ಹೊರತೆಗೆದು, ಬೆರಳಲ್ಲಿ ಮೆಲ್ಲಗೆ ಒತ್ತಿ, ಮೂಸಿ, ಮಗ್ಗುಲು ಬದಲಿಸಿ ಮಲಗಿಸಬೇಕು. ಇವರು ಟೂರ್ ಹೋದಾಗ ಆ ಡ್ಯೂಟಿ ಯಾರದು? ಕೇಳಬೇಕೇ?

"ಸ್ಪಂಜ್ ಮರೀಬೇಡ ಕಣೇ!" ಬೈಕ್ ಸ್ಟಾರ್ಟ್ ಆದ ಮೇಲೂ ಹಿಂದೆ ತಿರುಗಿ ಅದೇ ಮಾತು. ನಾನು ಜ್ವರ ಬಂದು ಮಲಗಿದ್ದಾಗಲೂ ಅದೇ ಮಾತು. ಮಾತ್ರೆ ನುಂಗಿದೆಯಾ ಎಂದು ಕೇಳಿದ್ದು ಆಮೇಲೆ.

ನಗುತ್ತಾ ನಗುತ್ತಾ ಮಾಡಿದೆ. ದೀಪಾವಳಿಯ ತನಕ.

ಹೋದ ದೀಪಾವಳಿ ಮುಗಿದ ಮರುವಾರ, ಎಸ್ಟೇಟಿಗೆ ಹತ್ತುವ ದಾರಿಯಲ್ಲಿ ಇವರು ಬೈಕು ನಿಲ್ಲಿಸಿ, ಎದೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತುಬಿಟ್ಟರು. ಹಿಂದೆ ಬರುತ್ತಿದ್ದ ಜೀಪಿನವರು ಪುಣ್ಯಾತ್ಮರು, ಹತ್ತಿಸಿಕೊಂಡು ತರೀಕೆರೆಗೆ ತಂದು ಗೌಸ್ ಭಾಯಿಯ ಅಂಗಡಿಗೆ ಮುಟ್ಟಿಸಿದರು. ಭಾಯಿ ಅಂಗಡಿ ಬಾಗಿಲು ಹಾಕಿ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಎದೆ ಸೋತಿದೆ, ಹೊಗೆ ಇವತ್ತಿಗೇ ಕೊನೆಯಾಗಬೇಕು, ಇಲ್ಲದಿದ್ದರೆ ಮುಂದಿನ ಸಲ ಜೀಪು ಸಿಕ್ಕರೂ ಪ್ರಯೋಜನವಿಲ್ಲ ಎಂದರಂತೆ.

ಮನೆಗೆ ಬಂದವರೇ ನನ್ನ ತಲೆಯ ಮೇಲೆ ಕೈ ಇಟ್ಟರು. "ಬಿಟ್ಟೆ ಕಣೇ. ನಿನ್ನಾಣೆ."

"ಮತ್ತೆ ಡಬ್ಬ?"

"ಇರ್ಲಿ ಬಿಡು. ಸೇದಲ್ಲ. ಸುಮ್ನೆ ನೋಡ್ಕೋತೀನಿ ಅಷ್ಟೆ. ಅವ್ವಂಗೆ ಮಾತ್ರ ಏನೂ ಹೇಳ್ಬೇಡ."

ನಾನು ಹ್ಞೂಂ ಎಂದೆ. ಯಾಕೆ ಎಂದೆ? ದಿನಾ ಊರೂರು ಅಲೆಯುವ ಮನುಷ್ಯ, ಒಂದು ಆಸೆ ಇರಲಿ ಅನ್ನಿಸಿತು. ಬೇಡ ಎಂದರೆ, ನಿಮ್ಮ ಆಣೆಯ ಮೇಲೆ ನಂಬಿಕೆಯಿಲ್ಲ ಎಂದಂತಾಗುತ್ತದೆ ಎಂದೂ ಅನ್ನಿಸಿತು. ಹಾಗಾಗಿ ಸ್ಪಂಜು ನೆನೆಸುತ್ತಾ ಬಂದೆ.

ಆದರೆ ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅನ್ನಕ್ಕಿಟ್ಟು ಬಾಗಿಲಿಗೆ ಬರುತ್ತೇನೆ. ಬಾಗಿಲಿನಿಂದ ಉಗ್ರಾಣಕ್ಕೆ ಹೋಗುತ್ತೇನೆ. ಬೈಕಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಕೇಳದಿದ್ದರೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಇವರು ಟೂರಿನಿಂದ ಬಂದು ಸ್ನಾನಕ್ಕೆ ಹೋದರೆ ಶರ್ಟು ಮೂಸುತ್ತೇನೆ. ಡೀಸೆಲ್ ವಾಸನೆ, ಗ್ರೀಸಿನ ವಾಸನೆ, ಬೆವರು. ಅದರ ಕೆಳಗೆ ಇನ್ನೇನಾದರೂ ಇದೆಯೇ? ಈಚೆಗೆ ಬಾಯಲ್ಲಿ ಯಾವಾಗಲೂ ಏಲಕ್ಕಿ ಬೇರೆ. ಇದ್ದಕ್ಕಿದ್ದಂತೆ ಏಲಕ್ಕಿಯ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಬಂತು? ಕೇಳಲು ಹೋಗುತ್ತೇನೆ. ಕಾಫಿ ಕೊಟ್ಟು ವಾಪಸ್ ಬರುತ್ತೇನೆ.

ಒಂದು ಸಲ ತರೀಕೆರೆಗೆ ಮದುವೆಗೆ ಹೋದವಳು ಗೌಸ್ ಭಾಯಿಯನ್ನೇ ಕೇಳಿಬಿಟ್ಟೆ.

"ಖುದಾ ಕಸಂ ಭಾಬಿ, ನನ್ನ ಅಂಗಡೀಲಿ ಅವರಿಗೆ ಇನ್ನು ಚಾಯ್ ಒಂದೇ" ಎಂದರು. ಆಮೇಲೆ ತಲೆ ಕೆರೆದುಕೊಂಡು, "ಆದ್ರೆ ಊರಲ್ಲಿ ನಂದೊಂದೇ ಅಂಗಡಿ ಅಲ್ವಲ್ಲ ಭಾಬಿ" ಎಂದರು. ಸಮಾಧಾನ ಕೇಳಲು ಹೋದವಳು ಇನ್ನಷ್ಟು ಚಿಂತೆ ಕಟ್ಟಿಕೊಂಡು ಬಂದೆ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ.

ಅತ್ತೆ ಇರುವುದು ಅಜ್ಜಂಪುರದಲ್ಲಿ, ನಮ್ಮ ಭಾವನವರ ಜೊತೆ. ಅದು ಹೆಂಚಿನ ಮನೆ. ನಮ್ಮದು ಆರ್‌ಸಿಸಿ. ತಾರಸಿ ಇರುವ ಮಗನ ಮನೆಗೆ ಬೇಸಿಗೆಯಲ್ಲಿ ಬೆಲೆ ಜಾಸ್ತಿ. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಎರಡೂ ಮನೆಗಾಗುವಷ್ಟು ಇಲ್ಲೇ ತಯಾರಾಗಬೇಕು. ಪ್ರತಿ ವರ್ಷ ಬೀದಿಯ ತುದಿಯಿಂದಲೇ "ಸರೋಜಾ, ಬಂದೆ ಕಣಮ್ಮಾ!" ಎಂದು ಕೂಗಿಕೊಂಡು ಬರುತ್ತಾರೆ. ಬಂದವರು ಒಳಗೆ ಕಾಲಿಡುವುದಿಲ್ಲ. ಅಂಗಳದ ನಲ್ಲಿಯ ಹತ್ತಿರ ನಿಂತು ಕಾಲು ತೊಳೆಯುತ್ತಾರೆ, ತೊಳೆಯುತ್ತಾರೆ, ತೊಳೆಯುತ್ತಲೇ ಇರುತ್ತಾರೆ.

ಅವರ ಮನೆಯ ಕಡೆ ದೊಡ್ಡವರ ಎದುರು ಯಾರೂ ಸೇದುವುದಿಲ್ಲ. ಸೇದುವುದೇ ಇಲ್ಲ ಎಂದಲ್ಲ, ಎದುರು ಸೇದುವುದಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತು. ಗೊತ್ತು ಎಂದು ತೋರಿಸಿಕೊಳ್ಳುವುದು ಮಾತ್ರ ಮರ್ಯಾದೆ ಅಲ್ಲ. ಹಿತ್ತಲಿಗೆ ಹೋಗುವ ಹಿರಿಯರು ಮೊದಲು ಗಟ್ಟಿಯಾಗಿ ಕೆಮ್ಮುತ್ತಾರೆ, ಅಲ್ಲಿದ್ದ ಕಿರಿಯರು ಬೀಡಿ ಹೊಸಕಿ ಆಕಾಶ ನೋಡುತ್ತಾರೆ. ತಲೆ ನರೆತರೂ ನಮ್ಮವರು ಅವರ ಅವ್ವನ ಲೆಕ್ಕದಲ್ಲಿ ಬೀಡಿ ಮುಟ್ಟದ ಹುಡುಗ. ಮಡಕೆಯ ಪಕ್ಕದ ಡಬ್ಬ ಅವ್ವ ಬಂದಾಗ "ಕಂಪನಿ ಸಾಮಾನು".

ಹೀಗಿರುವಾಗ ಕಂಪನಿ ಸಾಮಾನು ತಾರಸಿಯ ಮೇಲೆ, ಬೇವಿನ ಸೊಪ್ಪಿನ ಜೊತೆ ಒಣಗುತ್ತಿದೆ!

ಆ ಮಧ್ಯಾಹ್ನ ನಾನು ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಎತ್ತಿಟ್ಟುಬಿಡಲೇ? ಏನೆಂದು ಹೇಳಿ ಎತ್ತಿಡಲಿ? ಒಣಗಿ ಪುಡಿಯಾಗಲಿ, ಪೀಡೆ ತೊಲಗಲಿ ಎಂದು ಒಂದು ಮನಸ್ಸು. ಇವರ ಮುಖ ನೆನೆದರೆ ಅಯ್ಯೋ ಪಾಪ ಎಂದು ಇನ್ನೊಂದು ಮನಸ್ಸು. ಇಷ್ಟು ದಿನ ಎಳೆಮಗುವಿನಂತೆ ನೋಡಿಕೊಂಡದ್ದಲ್ಲವೇ? (ಇವರು ಮಾತ್ರವಲ್ಲ. ನಾನೂ.) ಬಿಸಿಲು ಇಳಿಯುವ ಹೊತ್ತಿಗೆ ಒಂದೊಂದಾಗಿ ಮೈ ಬಿರಿಯತೊಡಗಿದವು. ಮೇಲಿನ ಎಲೆ ಸುಲಿದು ಎದ್ದಿತ್ತು.

ಬೈಕು ಬಂತು. "ಅವ್ವ ಎಲ್ಲೇ?" ಎಂದರು. ನಾನು ಮೇಲೆ ಕೈ ತೋರಿಸಿದೆ. ಹಿಂದೆಯೇ ನಾನೂ ಹತ್ತಿದೆ.

ಅರ್ಧ ಮೆಟ್ಟಿಲಿನಲ್ಲಿ ಇವರು ನಿಂತರು. ಗೋಡೆಗೆ ಕೈ ಕೊಟ್ಟು ಉಸಿರು ತೆಗೆದುಕೊಂಡರು. ಮತ್ತೆ ಹತ್ತಿದರು. ಮೇಲಿನಿಂದ ಅತ್ತೆ ನೋಡುತ್ತಿದ್ದರು.

ಪಂಚೆಯ ಮುಂದೆ ಇವರು ನಿಂತ ಆ ಗಳಿಗೆಯನ್ನು ಹೇಗೆ ಬಣ್ಣಿಸಲಿ? ಬಯ್ಯುವ ಹಾಗಿಲ್ಲ. ಬೈದರೆ ನನ್ನದು ಎಂದು ಒಪ್ಪಿಕೊಂಡ ಹಾಗೆ. ಸುಮ್ಮನಿರುವ ಹಾಗೂ ಇಲ್ಲ. ಕಣ್ಣೆದುರೇ ಬರ್ಮಾ ಸಿಗಾರು ಸಿಪ್ಪೆ ಬಿಡುತ್ತಿದೆ.

"ಅವ್ವಾ, ಇದು... ಕಂಪ್ನಿ ಸ್ಯಾಂಪಲ್ಲು."

"ಪಂಪ್‌ಸೆಟ್ ಕಂಪ್ನೀದೇನೋ?" ಎಂದರು ಅತ್ತೆ. ನಗಲಿಲ್ಲ. ಸಂಡಿಗೆ ಒಣಗಿದೆಯೇ ಎಂದು ನೋಡುವ ಹಾಗೆ ಒಂದು ಸಿಗಾರು ಎತ್ತಿ ಮುರಿದರು. ಟಪ್ ಎಂದಿತು.

"ಕೂತ್ಕೋ ನಾಗ. ಮೆಟ್ಲಲ್ಲಿ ಯಾಕೋ ನಿಂತ್ಕಂಡೆ?"

"ಸುಸ್ತು ಅವ್ವ. ಟೂರ್ ಅಲ್ವಾ."

"ನಿಮ್ಮಪ್ಪನೂ ಹಿಂಗೇ ನಿಲ್ತಿದ್ರು. ಗೋಡೆ ಹಿಡ್ಕಂಡು."

ಮಾವನವರನ್ನು ನಾನು ಕಂಡವಳಲ್ಲ. ಫೋಟೋದಲ್ಲಿ ನೋಡಿದ್ದಷ್ಟೇ. ಇವರು ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗಲೇ ಹೋದರು. ಹೇಗೆ ಹೋದರು ಎಂದು ಆ ಮನೆಯಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಅತ್ತೆ ಮುರಿದ ತುಂಡನ್ನು ಕೈಯಲ್ಲಿ ಹಿಡಿದೇ ಹೇಳಿದರು.

"ಅವರದ್ದು ಚುಟ್ಟಾ. ಮಳೆಗಾಲ ಬಂತು ಅಂದ್ರೆ ಮೆತ್ತಗಾಗ್ಬಿಡೋದು, ಹತ್ತಿಕೊಳ್ತಿರಲಿಲ್ಲ. ಒಲೆ ಹತ್ರ ಇಟ್ಟು ನಾನೇ ಒಣಗಿಸ್ತಿದ್ದೆ. ಬಿಸ್ಲು ಬಿದ್ರೆ ಮೊರದಲ್ಲಿ ಹಾಕ್ತಿದ್ದೆ. ಕೆಮ್ಮಿ ಕೆಮ್ಮಿ ಮಂಚ ಹಿಡಿದ್ರಲ್ಲ, ಆಗ್ಲೂ ಕೈ ಚಾಚಿದ್ರೆ ಗರಿಗರಿಯಾಗಿರೋದು ನೋಡಿ ಕೊಡ್ತಿದ್ದೆ. ಕೊನೇ ದಿನಾನೂ ಕೊಟ್ಟೆ ಕಣೋ."

ಕೋಲು ಪಕ್ಕಕ್ಕೆ ಬಿದ್ದಿತ್ತು. ಕಾಗೆ ಬಂದು ಸಂಡಿಗೆ ಕಚ್ಚಿಕೊಂಡು ಹೋಯಿತು. ಯಾರೂ ಓಡಿಸಲಿಲ್ಲ.

"ನಾನು ಬಿಟ್ಟಿದ್ದೀನಿ ಅವ್ವ" ಎಂದರು ಇವರು, ನೆಲ ನೋಡುತ್ತಾ. ಅಷ್ಟು ವರ್ಷದ ನಾಟಕ ಒಂದು ಮಾತಿನಲ್ಲಿ ಮುಗಿದುಹೋಯಿತು.

"ಬಿಟ್ಟೋನು ಯಾಕಪ್ಪಾ ಇಟ್ಕಂಡಿದ್ದೀಯ?"

ಇವರು ನನ್ನ ಮುಖ ನೋಡಿದರು. ಇಂಥ ಹೊತ್ತಿನಲ್ಲಿ ನಾನು ಏನಾದರೊಂದು ಹೇಳಿ ಇವರನ್ನು ಪಾರು ಮಾಡುವುದು ವಾಡಿಕೆ. ನಾನು ಸಂಡಿಗೆ ಎತ್ತತೊಡಗಿದೆ. ಇವರು ಸಿಗಾರುಗಳನ್ನೆಲ್ಲ ಜೋಪಾನವಾಗಿ ಡಬ್ಬಕ್ಕೆ ತುಂಬಿಕೊಂಡು ಕೆಳಗೆ ಹೋದರು. ಮುರಿದ ತುಂಡನ್ನೂ ಬಿಡಲಿಲ್ಲ.

ನಾವಿಬ್ಬರೇ ಉಳಿದೆವು.

"ಅತ್ತೆ, ನಿಮಗೆ ಯಾವಾಗಿಂದ ಗೊತ್ತು?"

"ಬೀದಿ ತುದೀಲೇ ಯಾಕೆ ಕೂಗ್ತಿದ್ದೆ ಅಂದ್ಕಂಡಿದ್ದೀಯ? ಅಷ್ಟೊತ್ತು ಕಾಲು ತೊಳ್ಕಳೋಕೆ ನಂಗೇನು ಮಡಿ ಹುಚ್ಚಾ? ಅವ್ನು ಆರಿಸ್ಕಂಡು ಬಾಯಿ ತೊಳ್ಕಳ್ಲಿ ಅಂತ." ಪಂಚೆ ಕೊಡವಿದರು. ಮಡಿಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು. "ಡಬ್ಬದಾಗೆ ಒದ್ದೆ ಸ್ಪಂಜ್ ಇತ್ತು. ಅವ್ನು ಟೂರಲ್ಲಿದ್ದ. ನೀನೇ ಇಟ್ಟಿರ್ಬೇಕು. ನಾನು ಒಣಗಿಸಿ ಕೊಟ್ಟೆ. ನೀನು ನೆನೆಸಿ ಕೊಡ್ತಿದ್ದೀಯ. ಬ್ಯಾಡ ಅಂತ ನಾನೂ ಅನ್ನಲಿಲ್ಲ, ನೀನೂ ಅನ್ನಲಿಲ್ಲ ಕಣಮ್ಮ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು.

ನಾವು ಹೆಂಗಸರು ಹೀಗೇಕೆ? ಬೇಳೆ ಬೇಯದಿದ್ದರೆ ಅಂಗಡಿಯವನ ಗ್ರಹಚಾರ ಬಿಡಿಸುತ್ತೇವೆ. ಹಾಲಿಗೆ ನೀರು ಬೆರೆಸಿದರೆ ಬೀದಿಗೆ ಕೇಳುವಂತೆ ಕೂಗುತ್ತೇವೆ. ಮನೆಯ ಯಜಮಾನ ತನ್ನ ಎದೆಯನ್ನು ತಾನೇ ಸುಟ್ಟುಕೊಂಡರೆ ಮಾತ್ರ ಬೂದಿ ಹಾಕಲು ತಟ್ಟೆ ತಂದಿಡುತ್ತೇವೆ. ಅದನ್ನು ಪ್ರೀತಿ ಎಂದೂ ಕರೆಯುತ್ತೇವೆ. ಅನುಸರಿಸಿಕೊಂಡು ಹೋಗುವ ಸೊಸೆ ಎಂದು ನಾಲ್ಕು ಜನ ಹೊಗಳುತ್ತಾರೆ ಬೇರೆ. ಮಾವನವರನ್ನು ಹೊತ್ತುಕೊಂಡು ಹೋದ ದಿನ ಆ ನಾಲ್ಕು ಜನ ಅತ್ತೆಗೆ ಏನು ಹೇಳಿದ್ದರೋ?

ಅತ್ತೆ ಸಂಡಿಗೆಯ ಡಬ್ಬಗಳನ್ನು ಕಟ್ಟಿಕೊಂಡು ಶುಕ್ರವಾರ ಅಜ್ಜಂಪುರಕ್ಕೆ ಹೋದರು. ಭಾನುವಾರ ಬಂತು. ಇವರು ಎಂದಿನಂತೆ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತರು. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ನಿಧಾನಕ್ಕೆ ತೇವ ಕೊಟ್ರೆ ಕೆಲವು ಸರಿಹೋಗ್ತವೆ ಕಣೇ. ಸ್ಪಂಜ್ ಅದ್ದಿ ಕೊಡು."

ಸ್ಪಂಜು ಹಿಡಿದು ಅಡುಗೆಮನೆಯಲ್ಲಿ ನಿಂತೆ. ಒಂದು 'ಬೇಡ' ಹೇಳಬೇಕಿತ್ತು. ಈ ಅಂಕಣದಲ್ಲಿ ನಾನು ಯಾರನ್ನು ಬಿಟ್ಟಿದ್ದೇನೆ ಹೇಳಿ? ಬಸ್ಸಿನ ಕಂಡಕ್ಟರುಗಳನ್ನು ಬೈದಿದ್ದೇನೆ, ಚರಂಡಿ ಬಳಿಸದವರನ್ನು ಬೈದಿದ್ದೇನೆ, ವರದಕ್ಷಿಣೆ ಕೇಳಿದ ಬೀಗರ ನೀರಿಳಿಸಿದ್ದೇನೆ. ಕಟ್ಟಿಕೊಂಡ ಗಂಡನಿಗೆ ಎರಡಕ್ಷರ ಹೇಳಲು ನಾಲಿಗೆ ಏಳಲಿಲ್ಲ. "ಸ್ಪಂಜು ಎಲ್ಲೋ ಕಳೆದುಹೋಯಿತು" ಎಂದು ಸುಳ್ಳು ಹೇಳಿ ಬಂದೆ. ನಾಳೆ ಇವರು ಹೊಸ ಸ್ಪಂಜು ತರುತ್ತಾರೆ. ಆಮೇಲೆ?

ನನಗೆ ಭಯ, ಓದುಗರೇ. ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತ ಆ ಬೆನ್ನು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನನಗೆ ಈ ಮನುಷ್ಯ ಇನ್ನೂ ಬಹಳ ವರ್ಷ ಬೇಕು.

ಬಾಯಲ್ಲಿ ಆಗದ ಕೆಲಸ ಪೆನ್ನಿನಿಂದ ಆಗುತ್ತದೇನೋ ಎಂದು ಇವತ್ತು ಇದನ್ನು ಬರೆಯಲು ಕೂತೆ. ಈ ಪತ್ರಿಕೆಯನ್ನು ಇವರು ತಪ್ಪದೆ ಓದುತ್ತಾರೆ. ಟೂರಿನಲ್ಲಿದ್ದರೆ ತರೀಕೆರೆಯಲ್ಲಿ, ಗೌಸ್ ಭಾಯಿಯ ಅಂಗಡಿಯ ಬೆಂಚಿನ ಮೇಲೆ ಕೂತು, ಮೊದಲು ಹೆಂಡತಿಯ ಪುಟವನ್ನೇ ತೆಗೆಯುತ್ತಾರಂತೆ. (ಭಾಯಿ, ಇವರು ಅರ್ಧಕ್ಕೇ ಪುಟ ಮಗುಚಿದರೆ ದಯವಿಟ್ಟು ವಾಪಸ್ ತಿರುಗಿಸಿ ಕೊಡಿ.) ಇಡೀ ತಾಲ್ಲೂಕು ಓದಿದರೂ ಚಿಂತೆಯಿಲ್ಲ. ಅಜ್ಜಂಪುರದಲ್ಲಿ ಯಾರಾದರೂ ನಮ್ಮ ಅತ್ತೆಗೆ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ರೀ, ಬೇಡ ಕಣ್ರೀ.